ಜೊತೆಗೈ

ಖಾಲಿ ರಸ್ತೆಯಲ್ಲಿ ಬೈಕು ಯಾಕೆ ನಿಧಾನವಾಗಬೇಕು? ಎದುರಿಗೆ ಲಾರಿಯಿಲ್ಲ, ದನವಿಲ್ಲ, ರಸ್ತೆಯುಬ್ಬಿಲ್ಲ, ಪೊಲೀಸರಂತೂ ಇಲ್ಲವೇ ಇಲ್ಲ. ಕಣ್ಣು ಹಾಯಿಸಿದಷ್ಟು ದೂರ ಕೆಂಪು ಮಣ್ಣಿನ ಹಾದಿ ನೆಟ್ಟಗೆ ಬಿದ್ದುಕೊಂಡಿದೆ. ಅಂಥ ಕಡೆ ಚೆನ್ನಾಗಿ ಓಡುತ್ತಿದ್ದ ಸಾರಂಗ ಬೈಕು ಒಮ್ಮೆಲೇ ಉಸಿರು ಕಟ್ಟಿದಂತೆ ಮುಗ್ಗರಿಸುತ್ತದೆ. ಎರಡು ಕ್ಷಣ ಬಿಟ್ಟು, ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಮಂದಾಕಿನಿ ಕೂತಲ್ಲಿ ನಿಂತಲ್ಲಿ ಇದನ್ನೇ ಯೋಚಿಸುತ್ತಿದ್ದಳು. ಯೋಚಿಸಿದಷ್ಟೂ ಗೊಂದಲ ಹೆಚ್ಚುತ್ತಿತ್ತು.

ಆ ಹಾದಿ ಇದ್ದದ್ದು ಆಸ್ಟ್ರೇಲಿಯಾದ ನಟ್ಟನಡುವೆ, ಒಂದು ಊರು ಬಿಟ್ಟರೆ ಇನ್ನೊಂದಕ್ಕೆ ಇಡೀ ದಿನದ ದಾರಿಯಿರುವ ಬಯಲಿನಲ್ಲಿ. ಮಂದಾಕಿನಿ ಇದ್ದದ್ದು ಮೈಸೂರಿನ ಹೊರವಲಯದ ಬೈಕ್ ಕಾರ್ಖಾನೆಯ ನಿಯಂತ್ರಣ ಕೊಠಡಿಯಲ್ಲಿ. ಸಾರಂಗವೆಂದರೆ ಮರಳು, ಕಲ್ಲು, ಹಳ್ಳ ಎನ್ನದೆ ನುಗ್ಗಲೆಂದು ಅವರ ಕಂಪನಿ ತಯಾರಿಸಿದ ಅಡ್ವೆಂಚರ್ ಬೈಕು. ಮಾರುಕಟ್ಟೆಗೆ ಬಿಡುವ ಮುಂಚೆ ಅದನ್ನು ಆ ಬಯಲಿನ ಈ ತುದಿಯಿಂದ ಆ ತುದಿಗೆ ಓಡಿಸಿ ನೋಡಬೇಕಿತ್ತು. ಓಡಿಸುತ್ತಿದ್ದವನು ತೋಂಟದಾರ್ಯ, ಕಂಪನಿಯ ಹಿರಿಯ ಟೆಸ್ಟ್ ರೈಡರ್. ಮಂದಾಕಿನಿಯ ಗಂಡನ ತಮ್ಮ. ಒಂದೇ ಮನೆಯಲ್ಲಿ ಒಂದೇ ಕುಕ್ಕರಿನ ಅನ್ನ ಉಣ್ಣುವ ಅತ್ತಿಗೆ ಮೈದುನರು ಈಗ ಸಮುದ್ರದ ಆಚೆಗೊಬ್ಬರು ಈಚೆಗೊಬ್ಬರು ಕೂತು ಒಂದೇ ಬೈಕಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದರು.

ಸಾರಂಗದ ಹೆಚ್ಚುಗಾರಿಕೆ ಅದರ ಎಂಜಿನ್ನಿನಲ್ಲಿರಲಿಲ್ಲ, ಅದರ 'ಜೊತೆಗೈ'ನಲ್ಲಿತ್ತು. ಆ ಹೆಸರಿಟ್ಟವಳೂ ಅದನ್ನು ಕಟ್ಟಿದವಳೂ ಮಂದಾಕಿನಿಯೇ. ಹ್ಯಾಂಡಲಿನ ಹಿಡಿಗಳಲ್ಲಿ ಬೆರಳಿನ ಒತ್ತಡ ಅಳೆಯುವ ಸೆನ್ಸರುಗಳು, ಮುಂದೆ ದಾರಿ ನೋಡುವ ಕ್ಯಾಮೆರಾ, ಹ್ಯಾಂಡಲಿನ ಬುಡದಲ್ಲೊಂದು ಪುಟ್ಟ ಮೋಟಾರು. ಕಂಪನಿಯ ರೈಡರುಗಳು ಮೂರು ವರ್ಷ ಮೈಸೂರಿನ ಸುತ್ತಮುತ್ತ ಓಡಿಸಿದ್ದನ್ನೆಲ್ಲ ಅದು ನೋಡಿ ಕಲಿತಿತ್ತು. ಯಾವ ಜಾಗ ಕಂಡರೆ ಸವಾರನ ಕೈ ಏನು ಮಾಡುತ್ತದೆ ಎಂದು ಮುಂಚೆಯೇ ಊಹಿಸಿ, ಅವನ ಕೈ ಸಡಿಲವಾಗುವಲ್ಲಿ ತಾನು ಬಿಗಿ ಹಿಡಿಯುತ್ತಿತ್ತು. ಸೈಕಲ್ ಕಲಿಯುವ ಮಗುವಿನ ಸೀಟು ಹಿಡಿದುಕೊಂಡು ಹಿಂದೆ ಓಡುವ ಅಪ್ಪನ ಹಾಗೆ ಎಂದು ಅವಳು ಎಲ್ಲರಿಗೂ ವಿವರಿಸುತ್ತಿದ್ದಳು.

ಈಗ ಆ ಅಪ್ಪನಿಗೇ ಏನೋ ಆಗಿತ್ತು. ಅಥವಾ ಮಗುವಿಗೆ.

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ನಾಲ್ಕು ಗಂಟೆ ಮುಂದೆ. ಇಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ಅಲ್ಲಿ ಅವನು ಊಟಕ್ಕೆ ನಿಲ್ಲುತ್ತಿದ್ದ. ಆಗ ಮಾತ್ರ ಉಪಗ್ರಹ ಫೋನಿನಲ್ಲಿ ಮಾತು.

"ತೋಂಟಿ, ನಿಜ ಹೇಳು. ಬಲಗೈ ಬಿಟ್ಟಿದ್ಯಾ?" ಎಂದು ಕೇಳಿದಳು ಮಂದಾಕಿನಿ.

"ಇಲ್ಲ ಅತ್ತಿಗೆ. ಅಂಥ ರೋಡಲ್ಲಿ ಕೈ ಬಿಡಕ್ಕೆ ನಂಗೇನು ತಲೆ ಕೆಟ್ಟಿದ್ಯಾ? ಅದೇ ಹ್ಯಾಂಡಲ್ ಬಿಗಿ ಮಾಡ್ಕೊಳ್ಳುತ್ತೆ, ಆಕ್ಸಿಲರೇಟರ್ ತಾನೇ ಇಳ್ಸುತ್ತೆ. ಆಮೇಲೆ ಬಿಟ್ಬಿಡುತ್ತೆ."

"ಇಲ್ಲಿ ನೀನು ಕೈ ಎತ್ತಿದೀಯ ಅಂತ ಬರ್ತಿದೆ."

"ಹಂಗಾದ್ರೆ ಇಲ್ಲಿರೋ ನನ್ ಕೈಗಿಂತ ಅಲ್ಲಿರೋ ಸ್ಕ್ರೀನ್‌ಗೇ ಜಾಸ್ತಿ ಗೊತ್ತಿರ್ಬೇಕು," ಎಂದು ಅವನು ನಕ್ಕ. ಆ ನಗುವಿನಲ್ಲಿ ಎಂದಿನ ಗತ್ತು ಇರಲಿಲ್ಲ.

ಹಿಂದೆ ನಿಂತು ಕೇಳುತ್ತಿದ್ದ ಪ್ರಾಣೇಶ ರಾವ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಪರೀಕ್ಷಾ ವಿಭಾಗದ ಮುಖ್ಯಸ್ಥರು. ಒಳ್ಳೆಯ ಮನುಷ್ಯ, ಆದರೆ ಸಾರಂಗದ ಬಿಡುಗಡೆ ತಡವಾದರೆ ತಮ್ಮ ತಲೆಗೆ ಬರುತ್ತದೆಂಬ ಚಿಂತೆ ಅವರನ್ನು ಹಿಡಿದಿತ್ತು. "ನೋಡಿ ಮಂದಾಕಿನಿ, ಯಂತ್ರಕ್ಕೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ. ಮನುಷ್ಯನಿಗೆ ಇರುತ್ತೆ. ಅವರ ಕೈ ಸರಿಯಿಲ್ಲ ಅಂತಾದರೆ ವಾಪಸ್ ಕರೆಸ್ಕೊಳ್ಳೋಣ, ಬೇರೆಯವರನ್ನ ಕಳಿಸೋಣ. ಬೈಕ್ ಸರಿಯಿಲ್ಲ ಅಂತಾದರೆ ಅದನ್ನ ಈಗಲೇ ಹೇಳಿ. ಎರಡರಲ್ಲಿ ಒಂದು."

ಎರಡರಲ್ಲಿ ಒಂದು. ಕೇಳಲು ಎಷ್ಟು ಸುಲಭ. ಕೈ ಸರಿಯಿಲ್ಲ ಎಂದರೆ ತೋಂಟದಾರ್ಯ ಮತ್ತೆಂದೂ ಟೆಸ್ಟ್ ಬೈಕ್ ಹತ್ತುವಂತಿಲ್ಲ, ಅದು ಕಂಪನಿಯ ನಿಯಮ. ನಲವತ್ತು ದಾಟಿದವನು, ಮದುವೆಯ ಮಾತೆತ್ತಿದರೆ ಹೆಲ್ಮೆಟ್ ಹಾಕಿಕೊಂಡು ಹೊರಡುವವನು. ಬೈಕು ಬಿಟ್ಟರೆ ಅವನಿಗೆ ಬೇರೆ ಬದುಕಿರಲಿಲ್ಲ. ಬೈಕಿನದೇ ತಪ್ಪಿದ್ದು, ಅದನ್ನು ಮುಚ್ಚಿಟ್ಟು ಓಡಿಸಿದರೆ ಅವನು ಬಿದ್ದಾನು. ಅಲ್ಲಿ ಬಿದ್ದರೆ ಎತ್ತಲು ಇರುವವನು ಒಬ್ಬನೇ: ನೀರು, ಪೆಟ್ರೋಲು, ಬಿಡಿಭಾಗಗಳನ್ನು ಪಿಕಪ್ಪಿಗೆ ತುಂಬಿಕೊಂಡು, ಧೂಳು ಮುಖಕ್ಕೆ ಬಡಿಯದಷ್ಟು ಹಿಂದೆ ಬರುತ್ತಿದ್ದ ಗ್ಲೆನ್ ಎಂಬ ಅಲ್ಲಿಯವನು.

ಮಧ್ಯಾಹ್ನ ಮನೆಗೆ ಬಂದರೆ ಅತ್ತೆ ಮಹದೇವಮ್ಮ ಬಾಗಿಲಲ್ಲೇ ಕಾದಿದ್ದರು.

"ಏನಂತೆ ಕಣವ್ವ ನಿನ್ ಮೈದ್ನ? ಹೊತ್ತೊತ್ಗೆ ಉಣ್ತಾವ್ನಾ?"

"ಉಣ್ತಾನೆ ಅತ್ತೆ. ಬ್ರೆಡ್ಡು, ಹುರುಳಿಕಾಯಿ ಡಬ್ಬಿ, ಏನೇನೋ."

"ಡಬ್ಬೀದಾ? ಹಂಗಾರೆ ಸರ್ಯಾಗಿ ಉಣ್ತಿಲ್ಲ ಬುಡು." ಅತ್ತೆ ಸೊಪ್ಪು ಬಿಡಿಸುತ್ತಾ ಕೂತರು. ಸ್ವಲ್ಪ ಹೊತ್ತು ಬಿಟ್ಟು, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ಹೋಗೋ ಮುಂಚೆ ಉಪ್ಪಿನಕಾಯಿ ಜಾಡಿ ಮುಚ್ಚಳ ತೆಗಿ ಅಂದೆ. ಆಗ್ನಿಲ್ಲ ಅವನ ಕೈಲಿ. ನಗಾಡ್ಕಂಡು ಅಣ್ಣನ್ನೇ ಕೇಳವ್ವ ಅಂದ."

ಮಂದಾಕಿನಿ ಒಳಗೆ ಹೋಗಿ ಆ ಜಾಡಿಯನ್ನು ನೋಡಿದಳು. ಜಾಡಿಯ ಮುಚ್ಚಳ ಯಾರಿಗೂ ಬೇಗ ಬರುವುದಿಲ್ಲ, ಅದನ್ನು ಹಿಡಿದುಕೊಂಡು ಒಬ್ಬನ ಬದುಕು ತೀರ್ಮಾನ ಮಾಡಲಾಗುತ್ತದೆಯೇ ಎಂದು ಸಮಾಧಾನ ಮಾಡಿಕೊಂಡಳು. ಮರುಕ್ಷಣವೇ ಅನುಮಾನ ಬಂತು. ರಾತ್ರಿ ಗಂಡ ನಿಜಗುಣನ ಹತ್ತಿರ ಹೇಳಿಕೊಂಡಾಗ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಆ ಮಹಾಶಯ, "ಎರಡೂ ಇರಬಹುದು," ಎಂದು ಮಗ್ಗುಲಾದ. ಅವಳಿಗೆ ಸಿಟ್ಟು ಬಂತು. ಎರಡೂ ಇರಬಹುದು ಎನ್ನುವುದು ಒಂದು ಉತ್ತರವೇ?

ಮರುದಿನ ಗೊಂದಲ ಇನ್ನಷ್ಟು ಗೋಜಲಾಯಿತು. ಆ ದಿನ ಬೈಕು ಬರೀ ನಿಧಾನವಾಗಲಿಲ್ಲ, ಹೆಚ್ಚುಕಡಿಮೆ ನಿಂತೇಬಿಟ್ಟಿತು. ಮೆತ್ತನೆಯ ಮರಳಿನಲ್ಲಿ ವೇಗ ಕಳೆದುಕೊಂಡರೆ ಮುಂದಿನ ಚಕ್ರ ಹೂತುಕೊಳ್ಳುತ್ತದೆ. ತೋಂಟದಾರ್ಯ ಕಾಲು ಕೊಟ್ಟು ಹೇಗೋ ಉಳಿದುಕೊಂಡ. ಆ ಜಾಗದ ಫೋಟೋ ತೆಗೆದು ಕಳಿಸಿದ. ಮಂದಾಕಿನಿ, ಪ್ರಾಣೇಶ ರಾವ್ ಇಬ್ಬರೂ ಅದನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದರು. ರಸ್ತೆಯ ಪಕ್ಕದಲ್ಲಿ ಆಳೆತ್ತರದ ಕೆಂಪು ಗೆದ್ದಲ ಹುತ್ತ. ಅದಕ್ಕೆ ಯಾರೋ ದಾರಿಹೋಕರು ಹಳೆಯ ಅಂಗಿ ತೊಡಿಸಿ, ತಲೆಗೊಂದು ಟೋಪಿ ಇಟ್ಟಿದ್ದರು.

"ಇದೇನಿದು?" ಎಂದರು ಪ್ರಾಣೇಶ ರಾವ್.

"ಇಲ್ಲಿಯೋರಿಗೆ ತಮಾಷೆಯಂತೆ ಸರ್," ಎಂದ ಫೋನಿನಲ್ಲಿ ತೋಂಟದಾರ್ಯ. "ಗ್ಲೆನ್ ಹೇಳ್ದ. ದಾರಿ ಉದ್ದಕ್ಕೂ ಹುತ್ತಗಳೇ, ಬೇಜಾರಾದ್ರೆ ಜನ ಬಟ್ಟೆ ಹಾಕಿ ಹೋಗ್ತಾರಂತೆ."

"ಮನುಷ್ಯ ಅಂತ ತಿಳ್ಕೊಂಡು ನಿಲ್ತೋ ಏನೋ," ಎಂದಳು ಮಂದಾಕಿನಿ.

"ಮನುಷ್ಯ ಕಂಡ್ರೆ ಬ್ರೇಕ್ ಹಾಕ್ಬೇಕು ತಾನೇ ಅತ್ತಿಗೆ? ಇದು ಬ್ರೇಕ್ ಹಾಕಲ್ಲ. ಆಕ್ಸಿಲರೇಟರ್ ಬಿಡುತ್ತೆ, ಹ್ಯಾಂಡಲ್ ಹಿಡ್ಕೊಳ್ಳುತ್ತೆ, ಅಷ್ಟೇ."

ಅವನ ಮಾತು ಸರಿಯಿತ್ತು. ಜೊತೆಗೈ ಬರೆದು ಕಳಿಸುವ ದಾಖಲೆ ಮಾತ್ರ ಮತ್ತೆ ಅದನ್ನೇ ಹೇಳುತ್ತಿತ್ತು: ಮೊದಲು ಸವಾರನ ಬಲಗೈ ಮೇಲೆದ್ದಿತು, ಆಮೇಲೆ ಜೊತೆಗೈ ಹಿಡಿಯಿತು. ಪ್ರಾಣೇಶ ರಾವ್ ಇನ್ನೊಂದೇ ದಿನ ನೋಡುತ್ತೇನೆಂದರು. ಫೋನ್ ಇಡುವ ಮುಂಚೆ ತೋಂಟದಾರ್ಯ ದನಿ ತಗ್ಗಿಸಿ ಕೇಳಿದ: "ಅತ್ತಿಗೆ, ನಂಗೆ ಗೊತ್ತಾಗ್ದಂಗೆ ನನ್ ಕೈ ಏಳ್ತಾ ಇರ್ಬೋದಾ?" ಇಷ್ಟು ದಿನ ಗತ್ತಿನಿಂದ ಇಲ್ಲವೆನ್ನುತ್ತಿದ್ದವನು ಹೀಗೆ ಕೇಳಿದ್ದು ಅವಳಿಗೆ ಸಹಿಸಲಾಗಲಿಲ್ಲ. "ಊಟ ಮಾಡು," ಎಂದಳು.

ಮಾರನೆಯ ಬೆಳಗ್ಗೆ ನಿಜಗುಣ ಅವಳನ್ನು ಸ್ಕೂಟರಿನಲ್ಲಿ ಕಾರ್ಖಾನೆಗೆ ಬಿಡಲು ಹೊರಟ. ಬಡಾವಣೆ ದಾಟಿದ ಮೇಲೆ ತಿರುವಿನಲ್ಲೊಂದು ಅಶ್ವತ್ಥಕಟ್ಟೆ, ಅದರ ಬುಡದಲ್ಲಿ ಅರಿಶಿನ ಕುಂಕುಮ ಬಳಿದ ಹುತ್ತ, ಕೆಂಪು ಬಟ್ಟೆ ಸುತ್ತಿದ ನಾಗರಕಲ್ಲು. ಸ್ಕೂಟರು ಅಲ್ಲಿ ತುಸು ನಿಧಾನವಾಯಿತು. ಮಂದಾಕಿನಿಯ ಹಣೆ ಗಂಡನ ಬೆನ್ನಿಗೆ ತಾಗಿತು. ದಿನವೂ ತಾಗುತ್ತಿತ್ತು. ದಿನವೂ ಅವಳು ಮೊಬೈಲು ನೋಡುತ್ತಿರುತ್ತಿದ್ದಳು. ಇವತ್ತು ತಲೆಯೆತ್ತಿದಳು. ನಿಜಗುಣನ ಬಲಗೈ ಆಕ್ಸಿಲರೇಟರು ಬಿಟ್ಟು ಎದೆಗೆ ಹೋಗಿ, ತುಟಿಗೆ ಮುಟ್ಟಿ, ಹಿಂದಕ್ಕೆ ಬರುತ್ತಿತ್ತು.

"ನಿಲ್ಸಿ," ಎಂದಳು.

"ಏನಾಯ್ತೇ?"

"ಈಗ ಕೈ ಮುಗಿದ್ರಲ್ಲ."

"ನಾನಾ? ಎಲ್ಲಿ ಮುಗ್ದೆ?" ನಿಜಗುಣನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅವಳು ಸ್ಕೂಟರಿನಿಂದ ಇಳಿದು ಆ ಹುತ್ತವನ್ನೇ ನೋಡುತ್ತಾ ನಿಂತಳು. ಕಂಪನಿಯ ರೈಡರುಗಳೆಲ್ಲ ಇದೇ ಊರಿನವರು. ಬೆಟ್ಟದ ತಪ್ಪಲಿನಲ್ಲಿ, ಕೋಟೆ ರಸ್ತೆಯಲ್ಲಿ, ನಂಜನಗೂಡಿನ ದಾರಿಯಲ್ಲಿ ಮೂರು ವರ್ಷ ಓಡಿಸಿದವರು. ಹುತ್ತ ಕಂಡಾಗ, ಬಟ್ಟೆ ಸುತ್ತಿದ ಕಲ್ಲು ಕಂಡಾಗ ಅವರ ಬಲಗೈ ತಾನಾಗಿ ಎದೆಗೆ ಹೋಗಿದೆ. ಜೊತೆಗೈ ಅದನ್ನೇ ಪಾಠ ಮಾಡಿಕೊಂಡಿದೆ: ರಸ್ತೆಯಂಚಿನಲ್ಲಿ ಕೆಂಪು ಹುತ್ತ ಕಂಡರೆ ಬಲಗೈ ಇರುವುದಿಲ್ಲ, ಆಕ್ಸಿಲರೇಟರು ಇಳಿಸು, ಹ್ಯಾಂಡಲು ಹಿಡಿದುಕೋ. ಪಾಪ, ಅದು ತನ್ನ ಕೆಲಸವನ್ನು ಶ್ರದ್ಧೆಯಿಂದಲೇ ಮಾಡುತ್ತಿತ್ತು. ಮೈಸೂರಿನಲ್ಲಿ ಹುತ್ತ ಅಲ್ಲೊಂದು ಇಲ್ಲೊಂದು, ಅದೂ ಕೈ ಮುಗಿಯುವ ಕಡೆಯೇ. ಆ ಬಯಲಿನಲ್ಲಿ ಹೆಜ್ಜೆಗೊಂದು.

ಆದರೆ ತೋಂಟದಾರ್ಯ ಕೈ ಮುಗಿಯುವವನಲ್ಲ. ಕೊರಳಲ್ಲಿ ಲಿಂಗ ಇರುವಾಗ ಹಾದಿಬೀದಿಯ ಕಲ್ಲಿಗೆ ಯಾಕೆ ಮುಗಿಯಲಿ ಎಂದು ಅವ್ವನ ಜೊತೆ ವಾದ ಮಾಡುವವನು. ಅಥವಾ ಅವನೂ ಅಣ್ಣನ ಹಾಗೆ ತನಗೇ ಗೊತ್ತಿಲ್ಲದೆ ಮುಗಿಯುತ್ತಾನೋ? ಹೊಳೆದ ಉತ್ತರ ಅಲ್ಲೇ ಮತ್ತೆ ಪ್ರಶ್ನೆಯಾಯಿತು. ಅವಳು ಓಡೋಡಿ ಕೊಠಡಿಗೆ ಹೋಗಿ, ಗ್ಲೆನ್‌ನ ಪಿಕಪ್ಪು ಬೈಕಿಗೆ ಸಮನಾಗಿ ಬರಲಿ, ಅವನ ಫೋನಿನಲ್ಲಿ ಬಲಗೈಯ ವಿಡಿಯೋ ತೆಗೆಯಲಿ ಎಂದು ಹೇಳಿದಳು.

ವಿಡಿಯೋ ಬಂತು. ಪಕ್ಕದಲ್ಲಿ ಹುತ್ತ. ಬೈಕು ಮುಗ್ಗರಿಸಿತು. ಕೈ ಹಿಡಿಯ ಮೇಲೆಯೇ ಇತ್ತು, ಒಂದು ಬೆರಳೂ ಅಲುಗಲಿಲ್ಲ. ಅದೇ ಕ್ಷಣದ ದಾಖಲೆಯಲ್ಲಿ ಮಾತ್ರ ಕೈ ಮೇಲೆದ್ದಿತ್ತು.

ಅದರ ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಆ ಹಾದಿ ಶೀಟಿನ ಮಾಡಿನ ಹಾಗೆ ಅಲೆಅಲೆಯಾಗಿತ್ತು. ಅದರ ಮೇಲೆ ಓಡುವಾಗಿನ ನಡುಕದಲ್ಲಿ ಬೆರಳಿನ ಒತ್ತಡ ಸೆನ್ಸರಿಗೆ ತಿಳಿಯುತ್ತಿರಲಿಲ್ಲ. ತಿಳಿಯದಿದ್ದಾಗ ಜೊತೆಗೈ ಸುಮ್ಮನಿರದೆ ತನ್ನ ಊಹೆಯನ್ನೇ ಬರೆದುಬಿಡುತ್ತಿತ್ತು. ಖಾಲಿ ಬಿಡಬೇಡ, ಊಹೆಯಿಂದ ತುಂಬು ಎಂದು ಅದಕ್ಕೆ ಹೇಳಿಕೊಟ್ಟವಳು ಮಂದಾಕಿನಿಯೇ.

"ಅಂದ್ರೆ ಅದು ನೋಡಿದ್ದನ್ನ ಬರೀಲಿಲ್ಲ, ಅಂದ್ಕೊಂಡಿದ್ದನ್ನ ಬರೀತು," ಎಂದರು ಪ್ರಾಣೇಶ ರಾವ್. ಅವರ ಕೈ ಅಂಗಿಯ ಗುಂಡಿಯ ಹತ್ತಿರ ಹೋಗಿ ನಿಂತಿತ್ತು. ಬಹುಶಃ ಅವರೂ ದಿನಾ ಎಲ್ಲೋ ಮುಗಿಯುತ್ತಿದ್ದರು. "ಆ ಹುತ್ತದ ಪಾಠ ಒಂದನ್ನೇ ತೆಗೆಯಕ್ಕಾಗತ್ತಾ?"

"ಆಗಲ್ಲ ಸರ್. ಬಲಗೈಗೆ ಸಂಬಂಧಪಟ್ಟಿದ್ದೆಲ್ಲ ಒಂದೇ ಗಂಟು. ಬಿಡಿಸಿ ಮತ್ತೆ ಕಲಿಸಕ್ಕೆ ತಿಂಗಳುಗಟ್ಟಲೆ ಬೇಕು. ಸದ್ಯಕ್ಕೆ ಇಡೀ ಗಂಟನ್ನೇ ಆಫ್ ಮಾಡ್ಬೋದು. ಊಹೆ ತುಂಬೋದನ್ನೂ ನಿಲ್ಲಿಸ್ತೀನಿ."

ವಿಷಯವನ್ನು ಅವಳು ಫೋನಿನಲ್ಲಿ ತೋಂಟದಾರ್ಯನಿಗೆ ಹೇಳಿದಳು. ಕೇಳಿ ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. "ಮೂರು ವರ್ಷ ನನ್ ಜೊತೆಗಿದ್ದೂ ಇದು ಭಕ್ತ ಆಗೋಯ್ತಲ್ಲ ಅತ್ತಿಗೆ. ತೆಗ್ದುಬಿಡಿ, ತೆಗ್ದುಬಿಡಿ. ನನ್ ಕೈ ನಂಗೆ ಸಾಕು."

ಅವಳು ತೆಗೆದಳು. ಮನೆಗೆ ಬಂದು ಹೇಳಿದಾಗ ಮಹದೇವಮ್ಮನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. "ಮಿಷನ್‌ಗೇ ಭಕ್ತಿ ಅದೆ, ನನ್ ಮಗನ್ಗಿಲ್ಲ," ಎಂದುಕೊಂಡು ಶ್ಯಾವಿಗೆ ಪಾಯಸಕ್ಕೆ ಇಟ್ಟರು. ಮಂದಾಕಿನಿ ಎರಡು ಲೋಟ ಕುಡಿದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಕಣ್ತುಂಬ ನಿದ್ದೆ ಬಂತು.

ಮಾರನೆಯ ಬೆಳಗ್ಗೆ ಕೊಠಡಿಯಲ್ಲಿ ಅವಳೊಬ್ಬಳೇ ಇದ್ದಳು. ಪ್ರಾಣೇಶ ರಾವ್ ಹಿಂದಿನ ದಿನದ ವರದಿ ಹಿಡಿದುಕೊಂಡು ಮೇಲಿನವರ ಮೀಟಿಂಗಿಗೆ ಹೋಗಿದ್ದರು. ಸಾರಂಗ ಹುತ್ತಗಳ ಪಕ್ಕದಲ್ಲಿ ಸರಾಗವಾಗಿ ಓಡುತ್ತಿತ್ತು, ಒಂದಕ್ಕೂ ತಗ್ಗಲಿಲ್ಲ. ಈಗ ಪರದೆಯ ಮೇಲೆ ಬೆರಳಿನ ಒತ್ತಡ ತೋರಿಸುವ ಗೆರೆ ಊಹೆಯಿಲ್ಲದ ಗೆರೆ, ಅಲ್ಲಲ್ಲಿ ಖಾಲಿ. ಒಣಗಿದ ಕೆರೆಯ ಅಂಗಳದಂಥ ನುಣುಪು ಬಯಲು ಬಂದಾಗ ನಡುಕ ನಿಂತು, ಗೆರೆ ಪೂರ್ತಿ ಕಾಣಿಸಿತು.

ಬಲಗೈಯ ಗೆರೆ ನಿಧಾನವಾಗಿ ಕೆಳಗಿಳಿಯುತ್ತಿತ್ತು.

ಹುತ್ತವಿರಲಿಲ್ಲ, ಬಟ್ಟೆಯಿರಲಿಲ್ಲ, ಮುಗಿಯಲು ಏನೂ ಇರಲಿಲ್ಲ. ಕಿರುಬೆರಳು ಮತ್ತು ಉಂಗುರದ ಬೆರಳಿನ ಒತ್ತಡ ಇಲ್ಲವಾಯಿತು, ಮತ್ತೆ ಬಂತು, ಮತ್ತೆ ಹೋಯಿತು. ಮಂದಾಕಿನಿ ಹಳೆಯ ಮೈಸೂರಿನ ದಾಖಲೆಗಳನ್ನು ತೆರೆದು ತೋಂಟದಾರ್ಯನ ದಿನಗಳನ್ನಷ್ಟೇ ಬೇರೆ ಮಾಡಿ ನೋಡಿದಳು. ಅಲ್ಲೂ ಇತ್ತು. ದೂರದ ಸವಾರಿಗಳ ಕೊನೆಯಲ್ಲಿ ಅವನ ಕೈ ಸಡಿಲವಾಗಿದೆ, ಅಲ್ಲೆಲ್ಲ ಜೊತೆಗೈ ತಾನು ಬಿಗಿ ಹಿಡಿದಿದೆ. ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು. ಅವನಿಗೂ ಹೇಳದೆ, ಅವಳಿಗೂ ಹೇಳದೆ ಅದು ಅವನ ಪಾಲಿನ ಕೆಲಸವನ್ನು ಮಾಡುತ್ತಾ ಬಂದಿತ್ತು. ನಿನ್ನೆ ಅವಳು ಆಫ್ ಮಾಡಿದ ಗಂಟಿನಲ್ಲಿ ಅದೂ ಇತ್ತು.

ಇಲ್ಲ, ಇದು ಸೆನ್ಸರಿನದೇ ತಪ್ಪಿರಬೇಕು ಎಂದುಕೊಂಡಳು. ನಿನ್ನೆ ತಾನೇ ಇದೇ ಪರದೆಯನ್ನು ನಂಬಬೇಡಿ ಎಂದು ಎಲ್ಲರ ಮುಂದೆ ವಾದಿಸಿದವಳು ಇವತ್ತು ಯಾವ ಮುಖದಿಂದ ನಂಬುವುದು? ಅಥವಾ, ನಿನ್ನೆ ನಂಬದೆ ಇದ್ದದ್ದು ಅವನ ಕೈ ಸರಿಯಿರಲಿ ಎಂದು ತಾನು ಬಯಸಿದ್ದಕ್ಕೇ? ಮುಂದೆ ಆಳದ ಮರಳಿನ ದಾರಿಯಿತ್ತು. ಗ್ಲೆನ್‌ಗೆ ಫೋನ್ ಮಾಡಿ ನಿಲ್ಲಿಸು ಎಂದರೆ ನಿಂತದ್ದಕ್ಕೆ ಕಾರಣ ಬರೆಯಬೇಕು. ಬರೆದರೆ ಮೈದುನನ ಕೆಲಸ ಮುಗಿದಂತೆ. ಅವಳು ಫೋನು ಕೈಗೆತ್ತಿಕೊಂಡಳು, ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ತನಗೇ ನಾಚಿಕೆಯಾಗುವಷ್ಟು ಹೆದರಿಕೆಯಾಗಿತ್ತು.

ಅಷ್ಟರಲ್ಲಿ ಪರದೆಯ ಮೇಲೆ ವೇಗ ಸೊನ್ನೆಗೆ ಬಂತು.

ಬಿದ್ದನೇ? ಬೈಕು ವಾಲಿದೆಯೇ ಎಂದು ನೋಡುವುದೂ ಮರೆತುಹೋಗಿ, ಆ ಸೊನ್ನೆಯನ್ನೇ ನೋಡುತ್ತಾ ಕೂತಳು. ಎಷ್ಟು ಹೊತ್ತೋ. ಕೊನೆಗೆ ಫೋನು ಹೊಡೆದುಕೊಂಡಿತು.

"ಅತ್ತಿಗೆ." ಅವನ ದನಿಯ ಹಿಂದೆ ಬರೀ ಗಾಳಿ. "ಗಾಬ್ರಿ ಆಗ್ಬೇಡಿ. ಬಿದ್ದಿಲ್ಲ. ನಾನೇ ನಿಲ್ಸಿದೀನಿ."

"ಯಾಕೋ?" ಎಂದಳು, ಗೊತ್ತಿದ್ದೂ.

"ನಿನ್ನೆವರ್ಗೂ ಅದು ಹಿಡ್ಕೊಂಡಿತ್ತು ಅಂತ ಇವತ್ತು ಗೊತ್ತಾಯ್ತು. ನಾನು ನನ್ ಕೈ ಅಂದ್ಕೊಂಡಿದ್ದೆ." ಆಮೇಲೆ ಕೇಳಿದ: "ಅಲ್ಲಿ ಕಾಣ್ತಾ ಇತ್ತಾ?"

"ಹ್ಞೂಂ."

"ಪ್ರಾಣೇಶ್ ಸಾಹೇಬ್ರು ನೋಡಿದ್ರಾ?"

"ಇಲ್ಲ. ನಾನೊಬ್ಳೇ."

ಮಂದಾಕಿನಿಗೆ ಮುಂದಿನ ಮಾತು ಏನೆಂದು ತಿಳಿದಿತ್ತು. ಅದು ಬರದಿರಲಿ ಎಂದು ಬಯಸಿದಳು.

"ಅತ್ತಿಗೆ, ಅದನ್ನ ವಾಪಸ್ ಹಾಕ್ಬಿಡ್ತೀರಾ? ಇನ್ನು ನಾಲ್ಕೇ ದಿನದ ದಾರಿ. ಮೂರು ವರ್ಷ ಹಿಡ್ಕೊಂಡಿದ್ದು ನಾಲ್ಕು ದಿನ ಹಿಡ್ಕೊಳ್ಳಲ್ವಾ?"

ಎರಡು ಗುಂಡಿ ಒತ್ತಿದರೆ ಆಗುವ ಕೆಲಸ. ಅವನು ದಾರಿ ಮುಗಿಸುತ್ತಿದ್ದ, ಹಾರ ಹಾಕಿಸಿಕೊಳ್ಳುತ್ತಿದ್ದ, ಮನೆಗೆ ಬಂದು ಅವ್ವನ ಜೊತೆ ಜಗಳವಾಡುತ್ತಿದ್ದ. ಆದರೆ ಹಿಡಿದುಕೊಳ್ಳುವ ಪಾಠ, ಹುತ್ತಕ್ಕೆ ತಗ್ಗುವ ಪಾಠ ಎರಡೂ ಒಂದೇ ಗಂಟಿನಲ್ಲಿದ್ದವು. ಒಂದು ಬಂದರೆ ಇನ್ನೊಂದೂ ಬರುತ್ತಿತ್ತು. ಆಳದ ಮರಳಿನ ನಡುವೆ ಬೈಕು ತಗ್ಗಿದ ಕ್ಷಣ, ಅದನ್ನು ಸಾವರಿಸಲು ಒಂದು ಗಟ್ಟಿ ಬಲಗೈ ಬೇಕಿತ್ತು. ಆ ಕೈ ಅವನಲ್ಲಿರಲಿಲ್ಲ.

"ಇಲ್ಲ ತೋಂಟಿ," ಎಂದಳು. "ಹಾಕಲ್ಲ."

ಅವನು ಬೈದಿದ್ದರೂ ಸಹಿಸಿಕೊಳ್ಳುತ್ತಿದ್ದಳು. ಬೈಯಲೆಂದೇ ಕಾಯುತ್ತಿದ್ದಳು. ಕಣ್ಣೀರು ಕೀಬೋರ್ಡಿನ ಮೇಲೆ ಬೀಳುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

"ಹಾಕಲ್ಲ ಅಂತ ಗೊತ್ತಿತ್ತು," ಎಂದ ತೋಂಟದಾರ್ಯ. "ಸಾಹೇಬ್ರನ್ನ ಕೇಳಿದ್ರೆ, ಬಿಡುಗಡೆ ತಡ ಆಗುತ್ತೆ ಅಂತ ಹಾಕ್ಬಿಡ್ತಿದ್ರು. ಅದಕ್ಕೇ ನಿಮ್ಮನ್ನ ಕೇಳ್ದೆ."